ನಮ್ಮದೂ ಆಗಿದ್ದ ಒಂದು ಪಕ್ಷ

(ಅಂಬೇಡ್ಕರ್ ಕಟ್ಟಿದ ಸ್ವತಂತ್ರ ಮಜೂರ ಪಕ್ಷದ ಬಗ್ಗೆ ಧಾರವಾಡದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಹುಟ್ಟಿದ ದೊಡ್ಡವರ ಹೆಸರು ಹೇಳಿ ಅಂತ ಈಗಷ್ಟೇ ಕೇಳಿದೆ. ಕವಿಗಳ ಹೆಸರು ಬಂತು, ಹಾಡುಗಾರರ ಹೆಸರು ಬಂತು. ಪಾಲವಣಕರ ಬಾಳು ಅನ್ನುವ ಹೆಸರು ಯಾರ ಬಾಯಿಂದಲೂ ಬರಲಿಲ್ಲ. ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ನಲವತ್ತು ದಾಟುವವರೆಗೆ ನನಗೂ ಗೊತ್ತಿರಲಿಲ್ಲ.

ಬಾಳು ಹುಟ್ಟಿದ್ದು ಇದೇ ಊರಲ್ಲಿ, 1870ರ ದಶಕದಲ್ಲಿ, ಒಂದು ಚಮ್ಮಾರ ಕುಟುಂಬದಲ್ಲಿ. ಬೆಳೆದದ್ದು ಪುಣೆ ಕಡೆ. ಅಲ್ಲಿ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ಮೈದಾನ ಗುಡಿಸುತ್ತ, ಪಿಚ್ಚಿಗೆ ರೋಲರ್ ಎಳೆಯುತ್ತ ತಿಂಗಳಿಗೆ ಮೂರು ರೂಪಾಯಿ ಸಂಬಳಕ್ಕೆ ಇದ್ದರು. ಆಮೇಲೆ ಬ್ರಿಟಿಷರ ಕ್ಲಬ್ಬಿಗೆ ಹೋದರು. ಸಾಹೇಬರು ಬ್ಯಾಟಿಂಗ್ ಅಭ್ಯಾಸ ಮಾಡುವಾಗ ಎಡಗೈಯಿಂದ ನಿಧಾನವಾಗಿ ಸ್ಪಿನ್ ಬೌಲಿಂಗ್ ಹಾಕುವುದು ಅವರ ಕೆಲಸ. ತನ್ನನ್ನು ಔಟ್ ಮಾಡಿದ ಪ್ರತಿ ಸಲ ಒಬ್ಬ ಸಾಹೇಬ ಎಂಟಾಣೆ ಕೊಡುತ್ತಿದ್ದ ಅಂತ ಒಂದು ಕಥೆಯೂ ಇದೆ. ಗಂಟೆಗಟ್ಟಲೆ ಬೌಲಿಂಗ್ ಹಾಕಿಸಿಕೊಂಡರು, ಬ್ಯಾಟನ್ನು ಮಾತ್ರ ಅವರ ಕೈಗೆ ಯಾರೂ ಕೊಡಲಿಲ್ಲ.

ಪುಣೆಯ ಹಿಂದೂ ತಂಡದವರು ಬಾಳು ಅವರನ್ನು ಸೇರಿಸಿಕೊಂಡರು. ಬ್ರಿಟಿಷರನ್ನು ಸೋಲಿಸಬೇಕಿತ್ತಲ್ಲ! ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತು ಬಂದರೆ ಉಳಿದವರು ಒಳಗೆ, ಬಾಳು ಹೊರಗೆ. ಅವರಿಗೆ ಪಿಂಗಾಣಿ ಕಪ್ಪು, ಇವರಿಗೆ ಕುಡಿದು ಎಸೆಯುವ ಮಣ್ಣಿನ ಕುಡಿಕೆ. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ನೂರಕ್ಕೂ ಜಾಸ್ತಿ ವಿಕೆಟ್ ತೆಗೆದರು. ಆದರೂ ಹಿಂದೂ ತಂಡದ ನಾಯಕನ ಪಟ್ಟ ಅವರಿಗೆ ಒಂದು ಸಲವೂ ಸಿಗಲಿಲ್ಲ. ಅದು ಸಿಕ್ಕಿದ್ದು ಅವರ ತಮ್ಮ ವಿಠ್ಠಲ ಅವರಿಗೆ, 1923ರಲ್ಲಿ, ಬಹಳ ಜಗ್ಗಾಟ ಆದ ಮೇಲೆ.

ಈ ಬಾಳು 1937ರಲ್ಲಿ ಮುಂಬಯಿಯಲ್ಲಿ ಚುನಾವಣೆಗೆ ನಿಂತರು, ಕಾಂಗ್ರೆಸ್ಸಿನಿಂದ. ಭಾಯಖಳಾ ಮತ್ತು ಪರೇಲ್, ಅಂದರೆ ಮಿಲ್ಲು ಕಾರ್ಮಿಕರ ಪ್ರದೇಶ. ಅವರ ಎದುರು ನಿಂತವರು ಡಾ. ಬಿ. ಆರ್. ಅಂಬೇಡ್ಕರ್. ಬಾಳು ಅವರಿಗೆ 11,225 ಮತ ಬಂತು. ಅಂಬೇಡ್ಕರ್ ಅವರಿಗೆ 13,245. ಕೇವಲ ಎರಡು ಸಾವಿರ ಮತದ ಅಂತರ.

ಅಂಬೇಡ್ಕರ್ ಯಾವ ಪಕ್ಷದಿಂದ ನಿಂತಿದ್ದರು? ಇವತ್ತು ನಾನು ಮಾತಾಡಬೇಕು ಅಂತ ಬಂದದ್ದು ಆ ಪಕ್ಷದ ಬಗ್ಗೆ. ಹೆಸರು ಸ್ವತಂತ್ರ ಮಜೂರ ಪಕ್ಷ. ಮಜೂರ ಅಂದರೆ ಕೂಲಿಕಾರ. ಈಗ ಪುಸ್ತಕಗಳಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಅಂತ ಬರೆಯುತ್ತಾರೆ. ನನಗೆ ಹಳೆ ಹೆಸರೇ ಇಷ್ಟ. ನಮ್ಮ ಚಿಕ್ಕೋಡಿ ಕಡೆ ಇವತ್ತಿಗೂ ಮಜೂರಿ ಅಂತಲೇ ಅನ್ನುತ್ತೇವೆ.

ಇದು ಆರು ವರ್ಷ ಬದುಕಿದ ಪಕ್ಷ. ಮುಖ್ಯವಾಗಿ ಒಂದೇ ಪ್ರಾಂತದಲ್ಲಿ ಬೇರು ಬಿಟ್ಟ ಪಕ್ಷ. ಆದರೆ ಆ ಪ್ರಾಂತ ಯಾವುದು ಅಂತ ಸ್ವಲ್ಪ ನೋಡಿ. ಆಗಿನ ಮುಂಬಯಿ ಪ್ರಾಂತದಲ್ಲಿ ಬೆಳಗಾವಿ ಇತ್ತು, ಧಾರವಾಡ ಇತ್ತು, ಬಿಜಾಪುರ ಇತ್ತು, ಕಾರವಾರದ ಕಡೆಯ ಉತ್ತರ ಕನ್ನಡವೂ ಇತ್ತು. ನಮ್ಮ ಅಜ್ಜ ಮುತ್ತಜ್ಜಂದಿರಿಗೆ ಕಾನೂನು ಬರುತ್ತಿದ್ದದ್ದು ಮುಂಬಯಿಯಿಂದ. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ನಾವು ಈ ಕಡೆ ಬಂದೆವು, ಈ ಪಕ್ಷದ ನೆನಪು ಆ ಕಡೆ ಉಳಿಯಿತು. ಮಹಾರಾಷ್ಟ್ರದವರು ಅದನ್ನು ತಮ್ಮ ಇತಿಹಾಸ ಅಂತ ಓದುತ್ತಾರೆ. ನಾವು ಬೇರೆಯವರ ಇತಿಹಾಸ ಅಂತ ಬಿಟ್ಟುಬಿಟ್ಟೆವು. ನನಗೆ ಇದು ಬಹಳ ನೋವಿನ ವಿಷಯ.

ಯಾಕೆ ನೋವು ಅಂದರೆ, ನಮ್ಮ ಪಾಲು ಸಣ್ಣದಲ್ಲ. 1925ರಲ್ಲಿ ಬಹಿಷ್ಕೃತರ ಪ್ರಾಂತೀಯ ಪರಿಷತ್ತು ನಡೆದದ್ದು ನಿಪ್ಪಾಣಿಯಲ್ಲಿ. ಅಧ್ಯಕ್ಷರಾಗಿ ಬಂದವರು ಅಂಬೇಡ್ಕರ್. ಅಸ್ಪೃಶ್ಯರನ್ನು ಬಿಡದಿದ್ದ ಮಹಾಡದ ಚವದಾರ ಕೆರೆಯ ನೀರನ್ನು ಅವರು ಜನರ ಜೊತೆ ಹೋಗಿ ಮುಟ್ಟುವುದಕ್ಕೆ ಇನ್ನೂ ಎರಡು ವರ್ಷ ಇತ್ತು. 1929ರಲ್ಲಿ ಇದೇ ಧಾರವಾಡದಲ್ಲಿ ಅವರು ಅಸ್ಪೃಶ್ಯ ಹುಡುಗರಿಗೆ ಹಾಸ್ಟೆಲ್ ತೆರೆದರು. ಅದನ್ನು ನೋಡಿಕೊಂಡವರು ನಿಪ್ಪಾಣಿಯ ಬಳವಂತರಾವ್ ವರಾಳೆ. 1937ರಲ್ಲಿ ಅದೇ ವರಾಳೆ ಮಜೂರ ಪಕ್ಷದಿಂದ ಬೆಳಗಾವಿ ಜಿಲ್ಲೆಯಲ್ಲಿ ನಿಂತು ಗೆದ್ದು ಮುಂಬಯಿ ವಿಧಾನಸಭೆಗೆ ಹೋದರು. ಹುಡುಗರ ಊಟ, ಹಾಸಿಗೆ, ಪುಸ್ತಕದ ಲೆಕ್ಕ ನೋಡಿದ ಮನುಷ್ಯ ಶಾಸಕ ಆದದ್ದು. ಹಾಸ್ಟೆಲ್ಲಿನಲ್ಲಿ ಕೂತು ಕೇಳುತ್ತಿರುವ ನಿಮಗೆ ಇದನ್ನು ಹೇಳುವಾಗ ನನಗೆ ಖುಷಿ ಆಗುತ್ತಿದೆ.

ಪಕ್ಷ ಹುಟ್ಟಿದ ಸಂದರ್ಭವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. 1932ರ ಸೆಪ್ಟೆಂಬರಿನಲ್ಲಿ ಗಾಂಧಿ ಮತ್ತು ಅಂಬೇಡ್ಕರ್ ಕಡೆಯವರ ನಡುವೆ ಪೂನಾ ಒಪ್ಪಂದ ಆಯಿತು. ಅದಕ್ಕೆ ಸಹಿ ಹಾಕಿದವರಲ್ಲಿ ಬಾಳು ಕೂಡ ಒಬ್ಬರು. ಅಸ್ಪೃಶ್ಯರು ತಮ್ಮ ಪ್ರತಿನಿಧಿಯನ್ನು ತಾವೇ ಆರಿಸುವ ಬೇರೆ ಮತದಾರರ ಪಟ್ಟಿ ಹೋಯಿತು, ಅದರ ಬದಲು ಮೀಸಲು ಸೀಟು ಬಂತು. 1935ರ ಕಾಯ್ದೆ ಪ್ರಾಂತಗಳಿಗೆ ಸ್ವಂತ ಸರ್ಕಾರ ಕೊಟ್ಟಿತು. ಮುಂಬಯಿ ವಿಧಾನಸಭೆಯ 175 ಸೀಟುಗಳಲ್ಲಿ 15 ಅಸ್ಪೃಶ್ಯರಿಗೆ ಮೀಸಲು. ಎಲ್ಲರಿಗೂ ಮತ ಇರಲಿಲ್ಲ. ಕಂದಾಯ ಕಟ್ಟುವವರು, ಬಾಡಿಗೆ ಕೊಡುವವರು, ಓದಿದವರು, ಹೀಗೆ ಲೆಕ್ಕ. ಕೂಲಿ ಮಾಡುವ ಬಹುಪಾಲು ಜನ ಹೊರಗೇ ಉಳಿದರು. ಇಂಥ ಚುನಾವಣೆಗೆ ಅಂತ 1936ರ ಆಗಸ್ಟಿನಲ್ಲಿ ಈ ಪಕ್ಷ ಕಟ್ಟಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಅದಕ್ಕೆ ಹತ್ತು ತಿಂಗಳ ಹಿಂದೆ, 1935ರ ಅಕ್ಟೋಬರಿನಲ್ಲಿ, ಯೇವಲೆಯಲ್ಲಿ ಅಂಬೇಡ್ಕರ್ ತಾನು ಹಿಂದೂ ಆಗಿ ಹುಟ್ಟಿದರೂ ಹಿಂದೂ ಆಗಿ ಸಾಯುವುದಿಲ್ಲ ಅಂತ ಹೇಳಿದ್ದರು. ದೇಶವೆಲ್ಲ ಅದೇ ಮಾತು. ಅಂಥ ಹೊತ್ತಿನಲ್ಲಿ ಪಕ್ಷ ಕಟ್ಟುವವರು ಅದಕ್ಕೆ ಅಸ್ಪೃಶ್ಯರ ಪಕ್ಷ ಅಂತಲೇ ಹೆಸರಿಡಬಹುದಿತ್ತು, ಅಲ್ವಾ? ಅವರು ಮಜೂರ ಅಂತ ಇಟ್ಟರು. ಮಜೂರರು ಅಂದರೆ ಅದರಲ್ಲಿ ಅಸ್ಪೃಶ್ಯರೂ ಬಂದರು ಅನ್ನುವುದು ಅವರು ಕೊಟ್ಟ ಕಾರಣ. ಸುಮ್ನೆ ಮತ ಹೆಚ್ಚಿಸಿಕೊಳ್ಳಲು ಹಾಗೆ ಮಾಡಿದರು ಅಂತ ಕೆಲವರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಹೆಸರಿನ ಹಿಂದೆ ಅವರು ಕಣ್ಣಾರೆ ಕಂಡ ಸಂಗತಿಗಳಿದ್ದವು. ಅದರಲ್ಲಿ ಒಂದನ್ನು ಹೇಳುತ್ತೇನೆ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಮಗ್ಗ ಇದೆಯಾ? ಇಳಕಲ್ ಕಡೆಯವರು, ರಬಕವಿ ಬನಹಟ್ಟಿ ಕಡೆಯವರು ಇದ್ದೀರಿ. ಹಾಗಾದರೆ ಅಡ್ಡ ನೂಲನ್ನು ಒಯ್ಯುವ ಲಾಳಿ ಗೊತ್ತು, ಅದರೊಳಗೆ ನೂಲು ಸುತ್ತಿಟ್ಟ ಕಂಡಿಕೆ ಗೊತ್ತು. ಆಗಿನ ಮುಂಬಯಿ ಮಿಲ್ಲುಗಳಲ್ಲಿ ಲಾಳಿಯೊಳಗಿನ ಕಂಡಿಕೆ ಮುಗಿದಾಗ ಹೊಸದನ್ನು ಹಾಕಿ, ಲಾಳಿಯ ಸಣ್ಣ ತೂತಿಗೆ ಬಾಯಿ ಹಚ್ಚಿ, ಉಸಿರೆಳೆದು ನೂಲನ್ನು ಹೊರಗೆ ತರಬೇಕಿತ್ತು. ಒಬ್ಬ ಬಾಯಿ ಹಚ್ಚಿದ ಲಾಳಿಯನ್ನು ಇನ್ನೊಬ್ಬ ಬಳಸಬೇಕಾಗುತ್ತದೆ. ಅಸ್ಪೃಶ್ಯರ ಎಂಜಲು ನಮಗೆ ಬೇಡ ಅಂದರು ಉಳಿದ ನೇಕಾರರು. ಹೀಗಾಗಿ ನೇಯ್ಗೆ ಖಾತೆಯ ಬಾಗಿಲು ಅಸ್ಪೃಶ್ಯರಿಗೆ ಮುಚ್ಚಿತ್ತು. ಒಳ್ಳೆ ಮಜೂರಿ ಸಿಗುತ್ತಿದ್ದದ್ದು ಆ ಖಾತೆಯಲ್ಲೇ. ಇವರಿಗೆ ನೂಲುವ ಖಾತೆಯ ಕಡಿಮೆ ಸಂಬಳದ ಕೆಲಸ.

ಈಗ ಯೋಚನೆ ಮಾಡಿ. ಈ ನಿಯಮ ಹಾಕಿದ್ದು ಯಾರು? ಮಿಲ್ಲಿನ ಮಾಲೀಕನಲ್ಲ. ಪಕ್ಕದಲ್ಲೇ ನಿಂತು ಬೆವರು ಸುರಿಸುವ ಇನ್ನೊಬ್ಬ ಕಾರ್ಮಿಕ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಕಾರ್ಮಿಕ ನಾಯಕರ ಮುಂದೆ ಇದನ್ನೇ ಇಟ್ಟರು. ಎಲ್ಲ ಖಾತೆಯಲ್ಲೂ ನಮ್ಮವರಿಗೆ ಕೆಲಸ ಸಿಗಬೇಕು ಅನ್ನುವುದನ್ನು ಬೇಡಿಕೆಗಳಲ್ಲಿ ಸೇರಿಸಿ, ಇಲ್ಲದಿದ್ದರೆ ನಮ್ಮವರು ನಿಮ್ಮ ಜೊತೆ ನಿಲ್ಲುವುದಿಲ್ಲ ಅಂದರು. ನಾಯಕರು ಮನಸ್ಸಿಲ್ಲದೆ ಸೇರಿಸಿದರು. ಮಾಲೀಕರ ಮುಂದೆ ಈ ಬೇಡಿಕೆ ಬಂದಾಗ, ಇದು ಅನ್ಯಾಯವೇ ಆಗಿದ್ದರೂ ಇದಕ್ಕೆ ನಾವು ಹೊಣೆಯಲ್ಲ ಅಂದುಬಿಟ್ಟರು. ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಆ ಒಂದು ಲಾಳಿಯ ತೂತಿನಲ್ಲಿ ಜಾತಿಯೂ ಇದೆ, ಸಂಬಳವೂ ಇದೆ, ಎರಡನ್ನೂ ಬಿಡಿಸಲಾಗದಂತೆ ಹೊಸೆದಿದ್ದಾರೆ. ಮಜೂರ ಪಕ್ಷ ಹಿಡಿದದ್ದು ಆ ಗಂಟನ್ನು.

1938ರ ಫೆಬ್ರವರಿಯಲ್ಲಿ ಮನಮಾಡದಲ್ಲಿ ರೈಲ್ವೆಯ ಅಸ್ಪೃಶ್ಯ ಕಾರ್ಮಿಕರ ಪರಿಷತ್ತು ನಡೆಯಿತು. ಅಲ್ಲಿ ಅಂಬೇಡ್ಕರ್ ಆಡಿದ ಮಾತುಗಳನ್ನು ನೀವು ಹುಡುಕಿ ಓದಬೇಕು. ಈ ದೇಶದ ಕಾರ್ಮಿಕರಿಗೆ ಇಬ್ಬರು ಶತ್ರುಗಳು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಅಂದರು. ಬ್ರಾಹ್ಮಣಶಾಹಿ ಅಂದರೆ ಒಂದು ಜಾತಿಯ ಜನ ಅಂತ ಅರ್ಥ ಅಲ್ಲ. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಬೇಡ ಅನ್ನುವ ಬುದ್ಧಿ. ಅದು ಎಲ್ಲ ಜಾತಿಗಳಲ್ಲೂ ಹರಡಿದೆ ಅಂತ ಬಿಡಿಸಿ ಹೇಳಿದರು. ಜೊತೆಗೆ ಒಂದು ಉದಾಹರಣೆ ಕೊಟ್ಟರು. ರೈಲ್ವೆಯಲ್ಲಿ ಅಸ್ಪೃಶ್ಯರನ್ನು ಹಳಿ ಕೆಲಸದ ಗ್ಯಾಂಗಿಗೆ ತಗೊಳ್ಳುತ್ತಾರೆ, ಪೋರ್ಟರ್ ಕೆಲಸಕ್ಕೆ ತಗೊಳ್ಳುವುದಿಲ್ಲ. ಯಾಕೆ? ಸ್ಟೇಷನ್ ಮಾಸ್ತರರು ಪೋರ್ಟರನನ್ನು ಮನೆಗೆಲಸಕ್ಕೂ ಹಚ್ಚುತ್ತಾರೆ. ಅಸ್ಪೃಶ್ಯ ಪೋರ್ಟರ್ ಆದರೆ ಮನೆಯೊಳಗೆ ಬಿಟ್ಟುಕೊಳ್ಳಲು ಆಗುವುದಿಲ್ಲವಲ್ಲ. ಸರ್ಕಾರಿ ಸಂಬಳದ ನೌಕರಿ ಯಾರಿಗೆ ಅನ್ನುವುದು ಮಾಸ್ತರರ ಮನೆಯ ಅಡುಗೆಮನೆಯಲ್ಲಿ ತೀರ್ಮಾನ ಆಗುತ್ತಿತ್ತು.

ಚುನಾವಣೆಗೆ ವಾಪಸ್ ಬರೋಣ. 1937ರ ಫೆಬ್ರವರಿಯಲ್ಲಿ ಮತದಾನ ಆಯಿತು. ಪಕ್ಷ 17 ಜನರನ್ನು ನಿಲ್ಲಿಸಿತ್ತು, 14 ಜನ ಗೆದ್ದರು. ಅದರಲ್ಲಿ ಮೂರು ಸೀಟು ಮೀಸಲು ಇಲ್ಲದವು. ಎದುರಿಗಿದ್ದದ್ದು ಕಾಂಗ್ರೆಸ್, ದೇಶದ ಅತಿ ದೊಡ್ಡ ಪಕ್ಷ. ಕೈಯಲ್ಲಿ ಹಣ ಇರಲಿಲ್ಲ. ದೊಡ್ಡ ಪತ್ರಿಕೆ ಇರಲಿಲ್ಲ, ಇದ್ದದ್ದು ‘ಜನತಾ’ ಅನ್ನುವ ವಾರಪತ್ರಿಕೆ. ಆದರೂ ಗೆದ್ದರು. ನಾಸಿಕದ ಭಾವುರಾವ್ ಗಾಯಕವಾಡ, ಪುಣೆಯ ಆರ್. ಆರ್. ಭೋಳೆ, ನಮ್ಮ ಕಡೆಯ ವರಾಳೆ. ಮೇಲ್ಜಾತಿಯಲ್ಲಿ ಹುಟ್ಟಿದ ಶಾಮರಾವ್ ಪರುಳೇಕರ್ ಕೂಡ ಈ ಪಕ್ಷದವರೇ. ಮುಂದೆ ಅವರು ಕಮ್ಯುನಿಸ್ಟರ ಕಡೆ ಹೋದರು.

ಹದಿನಾಲ್ಕು ಜನ ಇಟ್ಟುಕೊಂಡು 175 ಜನರ ಸಭೆಯಲ್ಲಿ ಏನು ಮಾಡಲು ಸಾಧ್ಯ? ಕಾನೂನು ಪಾಸು ಮಾಡಿಸಲು ಆಗುವುದಿಲ್ಲ. ಆದರೆ ಪ್ರಶ್ನೆಯನ್ನು ಸಭೆಯ ಮೇಜಿನ ಮೇಲೆ ಇಡಬಹುದು. ಅದನ್ನು ಅವರು ಮಾಡಿದರು.

1937ರ ಸೆಪ್ಟೆಂಬರ್ 17ರಂದು ಅಂಬೇಡ್ಕರ್ ಖೋತಿ ಪದ್ಧತಿ ರದ್ದು ಮಾಡುವ ಮಸೂದೆ ತಂದರು. ಖೋತ ಅಂದರೆ ಕೊಂಕಣದಲ್ಲಿ ಸರ್ಕಾರ ಮತ್ತು ರೈತನ ನಡುವೆ ಕೂತ ಮಧ್ಯವರ್ತಿ. ಸರ್ಕಾರಕ್ಕೆ ಕಂದಾಯ ಕಟ್ಟುವುದು ಅವನು. ಅದಕ್ಕಿಂತ ಬಹಳ ಹೆಚ್ಚು ರೈತನಿಂದ ಕಿತ್ತುಕೊಳ್ಳುವುದೂ ಅವನೇ. ಬೆಳೆಯಲ್ಲಿ ಪಾಲು, ಅದರ ಮೇಲೆ ಬಿಟ್ಟಿ ಕೆಲಸ. ಅಂಬೇಡ್ಕರ್ ಅವರ ಪೂರ್ವಜರ ಊರು ಆಂಬಡವೆ ಇರುವುದು ಇದೇ ರತ್ನಾಗಿರಿಯಲ್ಲಿ. ಮಸೂದೆಯಲ್ಲಿ ಖೋತನಿಗೆ ಪರಿಹಾರ ಕೊಡುವ ಮಾತೂ ಇತ್ತು. ಉಳುವವನಿಗೆ ಜಮೀನಿನ ಹಕ್ಕು ಸಿಗಬೇಕು, ಅಷ್ಟೇ.

ಈ ಹೋರಾಟದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಜೊತೆಗೆ ನಿಂತವರು ಯಾರು ಅನ್ನುವುದು. ಅಲಿಬಾಗ್ ಹತ್ತಿರ ಚರಿ ಅಂತ ಒಂದು ಹಳ್ಳಿ. ಅಲ್ಲಿಯ ರೈತರು 1933ರಿಂದ ಆರು ವರ್ಷ ಖೋತರ ಹೊಲದಲ್ಲಿ ಬಿತ್ತಲಿಲ್ಲ. ಆರು ವರ್ಷ! ಅವರಲ್ಲಿ ಹೆಚ್ಚಿನವರು ಆಗರಿ ಸಮಾಜದವರು, ಅಸ್ಪೃಶ್ಯರಲ್ಲ. ಅವರ ನಾಯಕ ನಾರಾಯಣ ನಾಗು ಪಾಟೀಲ. ಅವರ ಜೊತೆ ಅಂಬೇಡ್ಕರ್ ನಿಂತರು. 1938ರ ಜನವರಿಯಲ್ಲಿ ಕೊಂಕಣದ ಜಿಲ್ಲೆಗಳಿಂದ ರೈತರು ಮುಂಬಯಿಗೆ ಬಂದು ವಿಧಾನಸಭೆಯತ್ತ ಮೆರವಣಿಗೆ ಹೊರಟರು. ಇಪ್ಪತ್ತು ಸಾವಿರದಷ್ಟು ಜನ. ಅಸ್ಪೃಶ್ಯರಾದ ಮಹಾರರು, ಬೇಸಾಯದ ಜಾತಿಗಳ ಆಗರಿಗಳು, ಕುಣಬಿಗಳು ಒಂದೇ ಸಾಲಿನಲ್ಲಿ ನಡೆದರು. ಊರಿನಲ್ಲಿ ಒಂದೇ ಬಾವಿಯ ನೀರು ಕುಡಿಯದವರು ಮುಂಬಯಿಯ ರಸ್ತೆಯಲ್ಲಿ ಒಂದೇ ಘೋಷಣೆ ಕೂಗಿದರು. ಊರಿಗೆ ವಾಪಸ್ ಹೋದ ಮೇಲೆ ಬಾವಿ ಒಂದಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ಆ ನಡಿಗೆಯನ್ನು ಕಮ್ಮಿ ಅಂತಲೂ ಹೇಳಲಾರೆ.

ಸರ್ಕಾರ ಮಸೂದೆಯನ್ನು ಮುಂದೆ ಹೋಗಲು ಬಿಡಲಿಲ್ಲ.

ಈಗ ವತನದ ವಿಷಯ. ಇದನ್ನು ಹೇಳುವಾಗ ನನ್ನ ಮನೆಯ ಮಾತೂ ಬರುತ್ತದೆ. ಮುಂಬಯಿ ಪ್ರಾಂತದ ಹಳ್ಳಿಗಳಲ್ಲಿ ಮಹಾರರಿಗೆ ವತನ ಅಂತ ಚೂರು ಜಮೀನು ಇರುತ್ತಿತ್ತು. ಅದಕ್ಕೆ ಬದಲಾಗಿ ಊರ ಚಾಕರಿ. ಸರ್ಕಾರಿ ಕಾಗದ ಮುಂದಿನ ಊರಿಗೆ ಒಯ್ಯುವುದು, ಬಂದ ಅಧಿಕಾರಿಯ ಸಾಮಾನು ಹೊರುವುದು, ರಾತ್ರಿ ಕಾವಲು, ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಬೀಗರ ಊರಿಗೆ ಮುಟ್ಟಿಸುವುದು. ಹಗಲು ರಾತ್ರಿ ಅಂತ ಲೆಕ್ಕ ಇಲ್ಲ. ಯಾವಾಗ ಕರೆದರೂ ಬರಬೇಕು. ಅವನಿಲ್ಲದಿದ್ದರೆ ಮನೆಯಲ್ಲಿ ಯಾರಿದ್ದಾರೋ ಅವರು ಬರಬೇಕು. 1874ರ ಕಾಯ್ದೆ ಇದಕ್ಕೆ ಸರ್ಕಾರಿ ಮುದ್ರೆ ಒತ್ತಿತ್ತು.

ನಮ್ಮ ಅಜ್ಜ ಚಾವಡಿ ಚಾಕರಿ ಮಾಡಿದವನು. ನಾನು ಸಣ್ಣವನಿದ್ದಾಗ ಅವನ ಕಾಲು ಒತ್ತುತ್ತಿದ್ದೆ. ಹಿಮ್ಮಡಿಯಲ್ಲಿ ಬೆರಳು ಹೋಗುವಷ್ಟು ಬಿರುಕು. ‘ಸತ್ತ ಸುದ್ದಿ ಹೊತ್ತು ನಡೆದ ಕಾಲು ತಮ್ಮಾ ಇವು’ ಅಂತಿದ್ದ. ಮಳೆ ಇರಲಿ, ಬಿಸಿಲಿರಲಿ, ಹನ್ನೆರಡು ಹದಿನೈದು ಮೈಲು ನಡೆದು ಹೋಗಬೇಕು. ಅಲ್ಲಿ ಮುಟ್ಟಿದ ಮೇಲೆ ಹೊರಗೆ ನಿಂತು ಕೂಗಿ ಹೇಳಬೇಕು. ಅಳುವವರು ಒಳಗೆ ಅಳುತ್ತಾರೆ, ಇವನು ಹಿತ್ತಲ ಕಡೆ ಕೂತು ಯಾರಾದರೂ ಒಂದು ರೊಟ್ಟಿ ಎಸೆಯುತ್ತಾರಾ ಅಂತ ಕಾಯುತ್ತಾನೆ. ಆ ರೊಟ್ಟಿಯ ಬಗ್ಗೆ ಅಜ್ಜ ಯಾವತ್ತೂ ಸಿಟ್ಟಿನಿಂದ ಮಾತಾಡಲಿಲ್ಲ. ‘ಭೂಮಿ ಐತಿ, ಅದಕ್ಕ ಮಾಡಬೇಕು’ ಅಂತಿದ್ದ. ಆ ಭೂಮಿಯಲ್ಲಿ ಬೆಳೆದದ್ದು ಎಷ್ಟು ಅಂತ ಕೇಳಿದರೆ ಸುಮ್ಮನಾಗುತ್ತಿದ್ದ.

ಅಂಬೇಡ್ಕರ್ ಅವರಿಗೆ ಈ ಗಂಟು ಚೆನ್ನಾಗಿ ಗೊತ್ತಿತ್ತು. ಜಮೀನು ಚೂರು, ಆದರೆ ಅದೇ ಚೂರಿನ ಆಸೆಯಿಂದ ಮನುಷ್ಯ ಊರು ಬಿಟ್ಟು ಹೋಗುವುದಿಲ್ಲ, ಬೇರೆ ಕೆಲಸ ಹುಡುಕುವುದಿಲ್ಲ, ತಲೆ ಎತ್ತುವುದಿಲ್ಲ. 1928ರಲ್ಲೇ ಅವರು ಇದಕ್ಕೆ ಮಸೂದೆ ತಂದಿದ್ದರು. 1937ರಲ್ಲಿ ಮತ್ತೆ ತಂದರು. ಜಮೀನು ಅವರಿಗೇ ಇರಲಿ, ಎಲ್ಲ ರೈತರಂತೆ ಪೂರ್ತಿ ಕಂದಾಯ ಕಟ್ಟಲಿ, ಚಾಕರಿಯಿಂದ ಬಿಡುಗಡೆ ಸಿಗಲಿ ಅನ್ನುವುದು ಅದರ ಸಾರ. ಅದೂ ಮುಂದೆ ಹೋಗಲಿಲ್ಲ. ಕೆಲವು ವತನದಾರ ಮಹಾರರೇ ಹೆದರಿದ್ದರು. ಇದ್ದ ಚೂರೂ ಹೋದರೆ ಅಂತ. ಅಜ್ಜನನ್ನು ನೋಡಿ ಬೆಳೆದ ನನಗೆ ಆ ಹೆದರಿಕೆ ಅರ್ಥವಾಗುತ್ತದೆ.

ಇನ್ನೊಂದು ಸಂಗತಿ ನಿಮಗೆ ಆಶ್ಚರ್ಯ ತರಬಹುದು. 1938ರ ನವೆಂಬರ್ 10ರಂದು ಈ ಪಕ್ಷದ ಪಿ. ಜೆ. ರೋಹಮ್ ಸಂತಾನ ನಿಯಂತ್ರಣದ ಬಗ್ಗೆ ಒಂದು ಗೊತ್ತುವಳಿ ಮಂಡಿಸಿದರು. ಜನರಿಗೆ ಇದರ ತಿಳಿವಳಿಕೆ ಕೊಡಿ, ಸೌಕರ್ಯ ಮಾಡಿಕೊಡಿ ಅಂತ ಸರ್ಕಾರವನ್ನು ಕೇಳಿದರು. ಹೆರಿಗೆಯಲ್ಲಿ ಹೆಣ್ಣುಮಕ್ಕಳು ಪಡುವ ಕಷ್ಟ, ಸಾವು, ಇದನ್ನು ಗಂಡಸರು ತುಂಬಿದ ಸಭೆಯಲ್ಲಿ ಮಾತಾಡಿದ ಪಕ್ಷ ಇದು. 52 ಮತ ವಿರುದ್ಧ, 11 ಮತ ಪರ. ಬಿದ್ದುಹೋಯಿತು.

ಅದಕ್ಕೆ ಮೂರು ದಿನ ಮೊದಲು, ನವೆಂಬರ್ 7ರಂದು, ಮುಂಬಯಿಯಲ್ಲಿ ಒಂದು ದಿನದ ಮುಷ್ಕರ ಆಗಿತ್ತು. ಕಾಂಗ್ರೆಸ್ ಸರ್ಕಾರ ಕೈಗಾರಿಕಾ ವಿವಾದ ಮಸೂದೆ ತಂದಿತ್ತು. ಮೊದಲು ನೋಟೀಸು, ಆಮೇಲೆ ರಾಜಿ ಮಾತುಕತೆ. ಅದು ಮುಗಿಯುವ ತನಕ ಕೆಲಸ ನಿಲ್ಲಿಸಿದರೆ ಅಪರಾಧ. ಅಂಬೇಡ್ಕರ್ ಸಭೆಯಲ್ಲಿ ಎದ್ದು ನಿಂತು, ಮುಷ್ಕರ ಮಾಡುವ ಹಕ್ಕು ಅಂದರೆ ಸ್ವಾತಂತ್ರ್ಯದ ಹಕ್ಕಿಗೆ ಇನ್ನೊಂದು ಹೆಸರು ಅಂತ ವಾದಿಸಿದರು. ಯೋಚನೆ ಮಾಡಿ, ಈ ಮಾತು ಯಾರ ಬಾಯಿಂದ ಬಂತು? ಇಷ್ಟವಿಲ್ಲದ ಕೆಲಸವನ್ನು ಬಿಡುವ ಹಕ್ಕೇ ಇಲ್ಲದ ಜನರ ನಡುವಿಂದ ಬಂದವರ ಬಾಯಿಂದ. ವತನದ ಕಥೆ ಗೊತ್ತಿದ್ದವರಿಗೆ ಈ ವಾದದ ತೂಕ ಗೊತ್ತಾಗುತ್ತದೆ. ಕಮ್ಯುನಿಸ್ಟರ ಜೊತೆ ಅವರಿಗೆ ನೂರು ಜಗಳ ಇತ್ತು. ಲಾಳಿಯ ವಿಷಯ ಆಗಲೇ ಹೇಳಿದೆ. ಆದರೂ ಆ ದಿನ ಎರಡೂ ಕಡೆಯವರು ಒಟ್ಟಿಗೆ ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು, ಜನ ಗಾಯಗೊಂಡರು. ಮಸೂದೆ ಕಾನೂನಾಗಿಯೇ ಆಯಿತು.

ಪಕ್ಷದ ಕೊರತೆಗಳನ್ನೂ ಹೇಳಬೇಕು. ಹೆಸರು ಎಲ್ಲ ಮಜೂರರದ್ದು, ಆದರೆ ಕಾರ್ಯಕರ್ತರಲ್ಲಿ ಹೆಚ್ಚಿನವರು ಮಹಾರರು. ಚಮ್ಮಾರರಲ್ಲಿ, ಮಾಂಗರಲ್ಲಿ ಬಹಳ ಜನ ಕಾಂಗ್ರೆಸ್ಸಿನ ಕಡೆ ಇದ್ದರು. ಬಾಳು ಅಂಬೇಡ್ಕರ್ ಎದುರು ನಿಂತದ್ದನ್ನು ನಾನು ಶುರುವಿನಲ್ಲೇ ಹೇಳಿದ್ದು ಇದಕ್ಕೇ. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದ ಮನುಷ್ಯ ಒಂದು ಕಡೆ, ಶಾಲೆಯಲ್ಲಿ ದೂರ ಕೂತು ಎತ್ತರದಿಂದ ಸುರಿದ ನೀರು ಕುಡಿದ ಮನುಷ್ಯ ಇನ್ನೊಂದು ಕಡೆ. ಇಬ್ಬರನ್ನೂ ಎದುರು ಬದುರು ನಿಲ್ಲಿಸಿದ ಸ್ಪರ್ಧೆ ಅದು. ಬಾಳು ಅವರನ್ನು ನಾನು ಕೆಟ್ಟವರು ಅನ್ನುವುದಿಲ್ಲ. ಅವರು ನಂಬಿದ ದಾರಿ ಬೇರೆ. ಆದರೆ ಶೋಷಿತ ಜಾತಿಗಳ ನಡುವೆಯೇ ಇರುವ ಮೇಲು ಕೀಳನ್ನು ದಾಟಲು ಈ ಪಕ್ಷಕ್ಕೆ ಆಗಲಿಲ್ಲ ಅನ್ನುವುದು ನಿಜ. ಇವತ್ತು ನಮ್ಮಲ್ಲಿ ಎಡಗೈ ಬಲಗೈ ಅಂತ ಮಾತು ಬಂದಾಗಲೆಲ್ಲ ನನಗೆ ಆ ಚುನಾವಣೆ ನೆನಪಾಗುತ್ತದೆ.

1942ರಲ್ಲಿ ಪಕ್ಷ ಮುಗಿಯಿತು. ಆ ವರ್ಷ ಕ್ರಿಪ್ಸ್ ಆಯೋಗ ಬಂತು. ಬ್ರಿಟಿಷರು ಅಧಿಕಾರ ಬಿಟ್ಟುಕೊಡುವ ಮಾತುಕತೆಯಲ್ಲಿ ಸಮುದಾಯಗಳಿಗೆ ಜಾಗ ಇತ್ತು, ಮಜೂರರು ಅನ್ನುವ ಗುಂಪಿಗೆ ಇರಲಿಲ್ಲ. ಅಸ್ಪೃಶ್ಯರ ಪರವಾಗಿ ಮಾತಾಡಬೇಕಾದರೆ ಅವರ ಹೆಸರಿನ ಸಂಘಟನೆಯೇ ಬೇಕು ಅನ್ನುವ ಪರಿಸ್ಥಿತಿ. ಜುಲೈನಲ್ಲಿ ನಾಗಪುರದಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟ ಕಟ್ಟಿದರು. ಮಜೂರ ಪಕ್ಷ ಅದರಲ್ಲಿ ಕರಗಿತು. 1946ರ ಚುನಾವಣೆಯಲ್ಲಿ ಮುಂಬಯಿ ಪ್ರಾಂತದಲ್ಲಿ ಆ ಒಕ್ಕೂಟಕ್ಕೆ ಒಂದು ಸೀಟೂ ಸಿಗಲಿಲ್ಲ. ಹದಿನಾಲ್ಕರಿಂದ ಸೊನ್ನೆ.

ಆದರೆ ಅವರು ಮೇಜಿನ ಮೇಲೆ ಇಟ್ಟ ಮಸೂದೆಗಳು ಏನಾದವು ನೋಡಿ. ಖೋತಿ ರದ್ದಾದದ್ದು 1949ರ ಕಾನೂನಿನಿಂದ. ಮಹಾರ ವತನ ಮುಂಬಯಿ ರಾಜ್ಯದಲ್ಲಿ 1958ರ ಕಾನೂನಿನಿಂದ ಹೋಯಿತು. ಅಷ್ಟರಲ್ಲಿ ನಾವು ಗಡಿಯ ಈ ಕಡೆ ಬಂದಿದ್ದೆವು. ಇಲ್ಲಿ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾನೂನು ಬಂತು. ಅಂಬೇಡ್ಕರ್ ಮೊದಲ ಸಲ ಕೇಳಿದ್ದು 1928ರಲ್ಲಿ. ನಡುವೆ ಎಷ್ಟು ವರ್ಷ ಅಂತ ನೀವೇ ಲೆಕ್ಕ ಹಾಕಿ. ಅಷ್ಟು ವರ್ಷ ನಮ್ಮ ಅಜ್ಜ ನಡೆದ.

ಮಾತು ಮುಗಿದ ಮೇಲೆ ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಹುಡುಗಿ ಎದ್ದು ಕೇಳಿದಳು: ‘ಸರ್, ಈಗ ಲಾಳಿಗೆ ಯಾರೂ ಬಾಯಿ ಹಚ್ಚುವುದಿಲ್ಲ. ಹಾಗಾದರೆ ಆ ಗಂಟು ಬಿಚ್ಚಿತು ಅಂತಲಾ?’ ಒಳ್ಳೆಯ ಪ್ರಶ್ನೆ. ನಾನು ಅವಳಿಗೆ ಹೇಳಿದ್ದು ಇಷ್ಟು. ನಿಮ್ಮ ಊರಿನ ಪೌರಕಾರ್ಮಿಕರ ಹಾಜರಿ ಪುಸ್ತಕ ನೋಡು. ಗಟಾರಕ್ಕೆ ಇಳಿದು ಸತ್ತವರ ಅಡ್ಡಹೆಸರು ನೋಡು. ಮಲ ಹೊರುವುದನ್ನು ನಿಷೇಧಿಸುವ ಕಾನೂನು 1993ರಲ್ಲಿ ಬಂತು, ಸಾಲದು ಅಂತ 2013ರಲ್ಲಿ ಇನ್ನೊಂದು ಬಂತು. ಎರಡೆರಡು ಸಲ ಯಾಕೆ ಬರೆಯಬೇಕಾಯಿತು ಅಂತ ಯೋಚಿಸು. ಆಮೇಲೆ ಮಾರುಕಟ್ಟೆಯಲ್ಲಿ ಖಾನಾವಳಿ ಇಟ್ಟವರಲ್ಲಿ, ಅಲ್ಲಿ ಅಡುಗೆ ಮಾಡುವವರಲ್ಲಿ, ತಟ್ಟೆ ತೊಳೆಯುವವರಲ್ಲಿ ಯಾರು ಯಾರಿದ್ದಾರೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಬಾ, ಕೂತು ಮಾತಾಡೋಣ ಅಂದೆ. ಅವಳು ಬರೆದುಕೊಂಡಳು.

ಇನ್ನೊಬ್ಬ ಹುಡುಗ ಕೇಳಿದ್ದು ವರಾಳೆ ಅವರ ಬಗ್ಗೆ. ಅವರ ಹಾಸ್ಟೆಲ್ಲಿನಲ್ಲಿ ಓದಿದವರು ಯಾರು, ಏನಾದರು, ಯಾವ ಯಾವ ಹಳ್ಳಿಯವರು ಅಂತ. ನನ್ನ ಹತ್ತಿರ ಹೇಳುವುದಕ್ಕೆ ಬಹಳ ಕಡಿಮೆ ಇತ್ತು. ಮರಾಠಿಯಲ್ಲಿ ಈ ಪಕ್ಷದ ಬಗ್ಗೆ ರಾಶಿ ಬರಹ ಇದೆ. ನಮ್ಮ ನಾಲ್ಕು ಜಿಲ್ಲೆಗಳ ಭಾಗ ಅದರಲ್ಲಿ ಅಲ್ಲಲ್ಲಿ ಒಂದೆರಡು ಸಾಲು. ಅದನ್ನು ಬರೆಯಬೇಕಾದವರು ನಾವು.

ಹಾಗಾಗಿ ಒಂದು ಕೆಲಸ ಒಪ್ಪಿಸಿ ಬಂದಿದ್ದೇನೆ, ಓದುತ್ತಿರುವ ನಿಮಗೂ ಅದನ್ನೇ ಒಪ್ಪಿಸುತ್ತೇನೆ. ರಜೆಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ಇಳಿಸಿ. ವತನದ ಜಮೀನಿನ ಕಾಗದ, ಕಂದಾಯ ಕಟ್ಟಿದ ಪಾವತಿ, ಮರಾಠಿಯ ಹಳೆ ಮೋಡಿ ಲಿಪಿಯಲ್ಲಿದ್ದರೂ ಪರವಾಗಿಲ್ಲ. ಹಳೆಯ ‘ಜನತಾ’ ಪತ್ರಿಕೆಯ ಹರಿದ ಹಾಳೆ. ಹಾಸ್ಟೆಲ್ಲಿನ ಮುಂದೆ ಸಾಲಾಗಿ ನಿಂತ ಹುಡುಗರ ಫೋಟೋ. ಸಿಕ್ಕರೆ ಮೊಬೈಲಿನಲ್ಲಿ ಚಿತ್ರ ತೆಗೆದು, ಯಾವ ಊರು, ಯಾರ ಮನೆ, ಅಜ್ಜಿ ಅದರ ಬಗ್ಗೆ ಏನು ಹೇಳಿದಳು ಅಂತ ಕೆಳಗೆ ಬರೆದಿಡಿ. ಅಜ್ಜಿ ಇನ್ನೂ ಇದ್ದರೆ ಮೊದಲು ಅವಳ ಹತ್ತಿರ ಕೂತುಕೊಳ್ಳಿ, ಟ್ರಂಕು ಆಮೇಲೆ.